ಲೇಸರಿಗೆ ಮೊದಲು ಸರಿಯಾದ ತಪಾಸಣೆ ಸಿಗಲಿ: ಕಾಸರಗೋಡಿನ ಹೆಂಗಸರ ಪರವಾಗಿ ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರು, ಕೇರಳ ಸರಕಾರ, ತಿರುವನಂತಪುರ,
ಹಾಗೂ ಜಿಲ್ಲಾ ವೈದ್ಯಾಧಿಕಾರಿಗಳು, ಕಾಸರಗೋಡು ಇವರಿಗೆ.

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಗಡಿ ಪಂಚಾಯತುಗಳ ಆರೋಗ್ಯ ಉಪಕೇಂದ್ರಗಳಲ್ಲಿ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್) ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹೆಂಗಸರ ಗುಹ್ಯಭಾಗದ ಚರ್ಮಕ್ಕೆ ಬರುವ, ಒಮ್ಮೆ ಬಂದರೆ ಬಹುಕಾಲ ಬಿಡದ ಲೈಕನ್ ಸ್ಕ್ಲೆರೋಸಸ್ ಎಂಬ ರೋಗದ ಬಗ್ಗೆಯೂ, ಅದಕ್ಕೆ ಲೇಸರ್ ಚಿಕಿತ್ಸೆಯೇ ಪರಿಹಾರವೆಂದು ಈಗ ನಮ್ಮ ಹಳ್ಳಿಗಳವರೆಗೆ ತಲುಪಿರುವ ಪ್ರಚಾರದ ಬಗ್ಗೆಯೂ ನಿಮ್ಮ ಗಮನ ಸೆಳೆಯಲು ಈ ಪತ್ರವನ್ನು ಬರೆಯುತ್ತಿದ್ದೇನೆ. ರಾಜ್ಯದ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿರುವ ಹಕ್ಕಿನಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ನನಗೂ ಈ ರೋಗವಿದೆ. ನಿಮ್ಮ ಕಚೇರಿಗೆ ಕಳುಹಿಸಿದ ಪ್ರತಿಯಲ್ಲಿ ನನ್ನ ಹೆಸರು, ವಿಳಾಸ, ಸಹಿ ಇವೆ. ಸಾರ್ವಜನಿಕರ ಮುಂದಿಡುವ ಈ ಪ್ರತಿಯಲ್ಲಿ ಮನೆಯವರ ಕೋರಿಕೆಯ ಮೇರೆಗೆ ಅವನ್ನು ಬಿಟ್ಟಿದ್ದೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಾರೆ ನೋಡಿ ಪರೀಕ್ಷಿಸದೆ, ರೋಗ ಯಾವುದೆಂದು ನಿರ್ಣಯಿಸದೆ, ಮೊದಲು ಕೊಡಬೇಕಾದ ಮುಲಾಮನ್ನು ಕ್ರಮವಾಗಿ ಕೊಡದೆ ಯಾವ ಹೆಂಗಸಿಗೂ ಲೇಸರ್ ಚಿಕಿತ್ಸೆಯನ್ನು ಮಾರಬಾರದು. ಆ ಪರೀಕ್ಷೆ ಮತ್ತು ಆ ಮುಲಾಮು ನಮ್ಮ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ, ನಮಗೆ ಅರ್ಥವಾಗುವ ಮಾತಿನಲ್ಲಿ ಸಿಗುವಂತಾಗಬೇಕು.

ರೋಗ ಹೊಸತೇನಲ್ಲ. ಫ್ರಾನ್ಸಿನ ಚರ್ಮವೈದ್ಯ ಹ್ಯಾಲೊಪೋ 1887ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದರು. ಗಂಡಸರಿಗೂ ಬರುವುದುಂಟು, ಆದರೆ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ, ಅದರಲ್ಲಿಯೂ ಮುಟ್ಟು ನಿಂತವರಲ್ಲಿ ಮತ್ತು ಇನ್ನೂ ಮೈನೆರೆಯದ ಹುಡುಗಿಯರಲ್ಲಿ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಚರ್ಮದ ಮೇಲೆ ತಿರುಗಿ ಬೀಳುವುದರಿಂದ ಇದು ಬರುತ್ತದೆ ಎಂಬುದು ವೈದ್ಯರ ಸಾಮಾನ್ಯ ಅಭಿಪ್ರಾಯ; ಥೈರಾಯ್ಡ್ ತೊಂದರೆ ಅಥವಾ ತೊನ್ನು ಇರುವವರಲ್ಲಿ ಇದು ಹೆಚ್ಚಾಗಿ ಜೊತೆಗೂಡಿ ಕಾಣಿಸಿಕೊಳ್ಳುವುದು ಅದಕ್ಕೆ ಪುಷ್ಟಿ ಕೊಡುತ್ತದೆ. ಇದು ಅಂಟುರೋಗವಲ್ಲ. ಗಂಡನಿಂದ ಬಂದದ್ದಲ್ಲ, ಗಂಡನಿಗೆ ಹರಡುವುದೂ ಇಲ್ಲ, ಶುಚಿಯಾಗಿರದ ಕಾರಣಕ್ಕೆ ಬಂದದ್ದೂ ಅಲ್ಲ. ಈ ಮೂರು ಮಾತುಗಳನ್ನು ಸರಕಾರವೇ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕೆಂದು ನನ್ನ ಆಸೆ, ಏಕೆಂದರೆ ಇವು ತಿಳಿಯದೆ ಗಂಡ ಹೆಂಡಿರು ವರ್ಷಗಟ್ಟಲೆ ಒಬ್ಬರನ್ನೊಬ್ಬರು ಸಂಶಯಿಸುತ್ತ ಬದುಕಿದ ಮನೆಗಳನ್ನು ನಾನು ಬಲ್ಲೆ.

ತುರಿಕೆಯಿಂದ ಇದು ತೊಡಗುತ್ತದೆ. ಹಗಲಿಗಿಂತ ರಾತ್ರಿ ಹೆಚ್ಚು. ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರು ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಕುಳಿತಿರುವುದು ನಿಮಗೂ ಗೊತ್ತಿದೆ. ಉಪಕೇಂದ್ರದಿಂದ ಮನೆ ಭೇಟಿಗೆ ಹೋದಾಗ ಹಾಗೆ ಕುಳಿತವಳೊಬ್ಬಳು ಮತ್ತೆ ಮತ್ತೆ ತಡ್ಪೆ ಬದಿಗಿಟ್ಟು, ಕತ್ತರಿ ಕೆಳಗಿಟ್ಟು, ಎದ್ದು ಒಳಕೋಣೆಗೆ ಹೋಗಿ ಬರುವುದನ್ನು ನೋಡುತ್ತಿದ್ದೆ. ಅತ್ತೆ ಅದನ್ನು ಸೋಮಾರಿತನವೆನ್ನುತ್ತಿದ್ದರು. ಆಕೆ ಬಾಯಿಬಿಟ್ಟದ್ದು ನಾನು ಅವಳನ್ನು ಬಾವಿಕಟ್ಟೆಯ ಬಳಿಗೆ ಕರೆದು ಕೇಳಿದ ಮೇಲೆ. ತುರಿಸಿ ತುರಿಸಿ ಚರ್ಮ ಬಿರಿದು, ಮೂತ್ರ ತಾಗಿದರೆ ಉರಿಯುವಷ್ಟಾಗಿತ್ತು. ಕ್ರಮೇಣ ಆ ಭಾಗದ ಚರ್ಮ ಬಿಳಿಯಾಗಿ, ತೆಳು ಕಾಗದದಂತೆ ಸುಕ್ಕುಗಟ್ಟುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಒಳತುಟಿಗಳು ಕರಗಿ ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತವೆ, ಯೋನಿದ್ವಾರ ಕಿರಿದಾಗುತ್ತದೆ, ದಾಂಪತ್ಯ ನೋವಾಗುತ್ತದೆ. ಹೀಗೆ ಒಮ್ಮೆ ಕಲೆಗಟ್ಟಿ ಕೂಡಿಕೊಂಡ ಚರ್ಮವನ್ನು ಯಾವ ಮುಲಾಮೂ ಮೊದಲಿನಂತೆ ಮಾಡಲಾರದು. ಬೇಗನೆ ಗುರುತಿಸಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕಾಗಿ. ಕೆಲವರಲ್ಲಿ, 100ರಲ್ಲಿ 5ಕ್ಕಿಂತ ಕಡಿಮೆ ಮಂದಿಯಲ್ಲಿ ಎಂದು ವೈದ್ಯರು ಅಂದಾಜಿಸುತ್ತಾರೆ, ಅದೇ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುವುದೂ ಉಂಟು.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆರೇಳು ವರ್ಷದ ಮಗು ಮಲವಿಸರ್ಜನೆಗೆ ಹೆದರಿ ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರ ಮಾಡುವಾಗ ಅಳುತ್ತದೆ, ಆ ಭಾಗದಲ್ಲಿ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಪೆಟ್ಟು ಬಿದ್ದಂತೆ ನೀಲಿಗಟ್ಟಿರುತ್ತದೆ. ಇದನ್ನು ಲೈಂಗಿಕ ದೌರ್ಜನ್ಯದ ಗುರುತೆಂದು ತಪ್ಪಾಗಿ ತಿಳಿದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ದೌರ್ಜನ್ಯದ ಸಂಶಯ ಬಂದರೆ ಕಾನೂನಿನಂತೆ ತನಿಖೆ ನಡೆಯಲೇಬೇಕು, ಅದರಲ್ಲಿ ರಿಯಾಯಿತಿ ಇರಬಾರದು; ರೋಗವಿದ್ದ ಮಾತ್ರಕ್ಕೆ ದೌರ್ಜನ್ಯ ನಡೆದಿಲ್ಲವೆಂದು ಹೇಳಲೂ ಬಾರದು. ಆದರೆ ಆ ಮಗುವನ್ನು ನೋಡುವ ವೈದ್ಯರಿಗೆ ಈ ರೋಗದ ಪರಿಚಯವೂ ಇರಬೇಕು.

ಇಷ್ಟು ಸ್ಪಷ್ಟ ಲಕ್ಷಣಗಳಿದ್ದರೂ ರೋಗ ಗುರುತಿಗೆ ಬಾರದಿರಲು ಮುಖ್ಯ ಕಾರಣ, ಯಾರೂ ನೋಡದಿರುವುದು. ಹೆಂಗಸು ತುರಿಕೆ ಎನ್ನುತ್ತಾಳೆ, ಎದುರಿನವರು ಫಂಗಸ್ ಎನ್ನುತ್ತಾರೆ, ಚೀಟಿ ಬರೆದಾಗುತ್ತದೆ. ಮನೆಯ ಹಿರಿಯರು ಉಷ್ಣ ಹೆಚ್ಚಾಗಿದೆಯೆಂದು ಎಳನೀರು, ಜೀರಿಗೆ ಕಷಾಯ ಕೊಡುತ್ತಾರೆ. ಔಷಧದಂಗಡಿಯಲ್ಲಿ ಕೇಳಿದರೆ ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಫಂಗಸ್ ಔಷಧ ಮೂರನ್ನೂ ಬೆರೆಸಿದ ಕ್ರೀಮಿನ ಟ್ಯೂಬೊಂದು ಕೈಗೆ ಬರುತ್ತದೆ. ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದ್ದರೂ ಈ ಮಾರಾಟ ನಿಂತಿಲ್ಲ. ಹಚ್ಚಿದ ನಾಲ್ಕು ದಿನ ತುರಿಕೆ ತಗ್ಗುತ್ತದೆ, ಬಿಟ್ಟೊಡನೆ ಮರಳುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ, ಚರ್ಮ ಮಾತ್ರ ಒಳಗೊಳಗೇ ಬಿಗಿಯುತ್ತಾ ಹೋಗುತ್ತದೆ.

ಪ್ರಪಂಚದಾದ್ಯಂತ ಒಪ್ಪಿತವಾದ ಮೊದಲ ಚಿಕಿತ್ಸೆ ಕ್ಲೊಬೆಟಾಸಾಲ್ ಪ್ರೊಪಿಯೊನೇಟ್ ಎಂಬ, ಶೇಕಡಾ 0.05 ಪ್ರಮಾಣದ, ಬೇರೇನನ್ನೂ ಬೆರೆಸದ ಸ್ಟಿರಾಯ್ಡ್ ಮುಲಾಮು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಕ್ರಮ ಹೀಗಿದೆ: ಒಂದು ತಿಂಗಳು ದಿನಕ್ಕೊಮ್ಮೆ, ಮರುತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆರಡು ಬಾರಿ. ರಾತ್ರಿ ಮಲಗುವಾಗ ಹಚ್ಚಿದರೆ ಒಳ್ಳೆಯದು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಬರುವುದು ಸುಮಾರು ಅರ್ಧ ಗ್ರಾಮ್. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ, 30 ಗ್ರಾಮಿನ ಒಂದು ಟ್ಯೂಬ್ ಮೂರು ತಿಂಗಳಿಗೆ ಸಾಕು. ಆಮೇಲೆಯೂ ಹೆಚ್ಚಿನವರು ಕಡಿಮೆ ಪ್ರಮಾಣದಲ್ಲಿ ಇದನ್ನು ಮುಂದುವರಿಸಬೇಕಾಗುತ್ತದೆ. ಸೋಪು ಬಿಟ್ಟು ಸಾದಾ ನೀರಿನಲ್ಲಿ ತೊಳೆದು, ಒಣಗಿದ ಚರ್ಮಕ್ಕೆ ಮೃದುತ್ವ ಕೊಡುವ ಬಿಳಿ ಪ್ಯಾರಾಫಿನ್‌ನಂಥದ್ದನ್ನು ಸವರಿಕೊಳ್ಳುವುದೂ ಚಿಕಿತ್ಸೆಯ ಭಾಗವೇ.

ಈ ಮುಲಾಮಿನ ಮಹತ್ವವನ್ನು ತೋರಿಸಿಕೊಟ್ಟದ್ದು ಆಸ್ಟ್ರೇಲಿಯಾದಲ್ಲಿ 507 ಹೆಂಗಸರನ್ನು ವರ್ಷಗಳ ಕಾಲ ಗಮನಿಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಹೇಳಿದಂತೆ ಮುಲಾಮು ಬಳಸಿದ 357 ಮಂದಿಯಲ್ಲಿ ಒಬ್ಬರಿಗೂ ಆ ಜಾಗದ ಕ್ಯಾನ್ಸರಾಗಲಿ ಅದರ ಪೂರ್ವಸ್ಥಿತಿಯಾಗಲಿ ಬರಲಿಲ್ಲ. ಅರೆಬರೆ ಬಳಸಿದ 150 ಮಂದಿಯಲ್ಲಿ 7 ಜನರಿಗೆ ಬಂತು. ಒಂದು ಟ್ಯೂಬ್ ಮುಲಾಮು ಇಷ್ಟನ್ನು ಮಾಡಬಲ್ಲದಾದರೆ ಅದು ನಮ್ಮ ಪ್ರತಿಯೊಂದು ಕುಟುಂಬ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇರಲೇಬೇಕು.

ಆದರೆ ಆ ಟ್ಯೂಬಿನೊಂದಿಗೆ ಬರುವ ಕಾಗದದಲ್ಲಿ ಗುಹ್ಯಭಾಗಕ್ಕೆ ಹಚ್ಚಬಾರದೆಂದು ಎಷ್ಟೋ ಕಂಪೆನಿಗಳು ಅಚ್ಚು ಹಾಕುತ್ತವೆ. ಸಾಮಾನ್ಯ ಬಳಕೆಗೆ ಅದು ಸರಿಯಾದ ಎಚ್ಚರಿಕೆ. ಈ ರೋಗಕ್ಕೆ ಮಾತ್ರ ವೈದ್ಯರು ತಿಳಿದೇ ಅದನ್ನು ಅಲ್ಲಿಗೆ ಬರೆದುಕೊಡುತ್ತಾರೆ. ಅದನ್ನು ಬಿಡಿಸಿ ಹೇಳುವವರಿಲ್ಲದಾಗ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಕಾಗದ ಓದಿದ ಮಗಳು ಬೇಡವೆನ್ನುತ್ತಾಳೆ, ಸ್ಟಿರಾಯ್ಡ್ ಎಂದ ಕೂಡಲೇ ನೆರೆಮನೆಯವರು ಹೆದರಿಸುತ್ತಾರೆ, ವಾರದೊಳಗೆ ಟ್ಯೂಬ್ ಕಸದ ಬುಟ್ಟಿ ಸೇರುತ್ತದೆ. ಲೇಸರಿನ ಪ್ರಚಾರ ಕಾದಿರುವುದು ಸರಿಯಾಗಿ ಈ ಹೆದರಿಕೆಯ ಬಾಗಿಲಲ್ಲಿ. ಸ್ಟಿರಾಯ್ಡ್ ಬೇಡ, ಶಸ್ತ್ರಕ್ರಿಯೆ ಬೇಡ, ಮೂರೇ ಸಲ ಬಂದರೆ ಸಾಕು ಎಂದು ಫೋನಿನಲ್ಲಿ ಬರುವ ವಿಡಿಯೋಗಳು ಹೇಳುತ್ತವೆ. ನನಗೆ ಗಡಿಯಾಚೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೇಜಿನ ಆಚೆಯಿಂದಲೇ, ಬಟ್ಟೆ ಸರಿಸಿ ನೋಡುವುದಕ್ಕೂ ಮೊದಲು, ಲೇಸರಿನ ಪ್ಯಾಕೇಜಿನ ಹಾಳೆಯನ್ನು ಮುಂದಿಟ್ಟರು. ಅದರಲ್ಲಿದ್ದ ಮೊತ್ತ ಹತ್ತಾರು ಸಾವಿರ. ಹಳೆಯ ಬಯಾಪ್ಸಿ (ಚರ್ಮದ ತುಣುಕು ತೆಗೆದು ಮಾಡುವ ಪರೀಕ್ಷೆ) ವರದಿಯಿದೆಯೇ ಎಂದು ಯಾರೂ ಕೇಳಲಿಲ್ಲ. ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಸಾಲ ಮಾಡಿ ಅಂಥ ಹಾಳೆಗೆ ಸಹಿ ಹಾಕಿದ ಹೆಂಗಸರು ನಮ್ಮ ಸುತ್ತಮುತ್ತ ಇದ್ದಾರೆ.

ಲೇಸರನ್ನು ನಾನು ದೂಷಿಸುತ್ತಿಲ್ಲ. ಇದಕ್ಕೆ ಹೆಚ್ಚಾಗಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದುಡಿದ ಕುಮಾರ್ ಪಟೇಲ್. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಅದರ 10,600 ನ್ಯಾನೋಮೀಟರ್ ತರಂಗದ ಕಿರಣವನ್ನು ಚರ್ಮದೊಳಗಿನ ನೀರು ಹೀರಿಕೊಂಡು ತಕ್ಷಣ ಆವಿಯಾಗುತ್ತದೆ. ಫ್ರ್ಯಾಕ್ಷನಲ್ ವಿಧಾನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳನ್ನು ಸಾಲುಸಾಲಾಗಿ ಮಾಡಿ ನಡುನಡುವಿನ ಚರ್ಮವನ್ನು ಮುಟ್ಟದೆ ಬಿಡುತ್ತಾರೆ. ಆ ಒಳ್ಳೆಯ ಚರ್ಮದಿಂದ ಗಾಯ ಬೇಗ ಮಾಗಿ ಚರ್ಮಕ್ಕೆ ಗಟ್ಟಿತನ ಕೊಡುವ ಹೊಸ ಕೊಲಾಜನ್ ಬೆಳೆಯಲಿ ಎಂಬುದು ಉದ್ದೇಶ. ಮರಗಟ್ಟಿಸುವ ಕ್ರೀಮ್ ಹಚ್ಚಿ ಮಾಡುವ ಕೆಲಸ, ಅದೇ ದಿನ ಮನೆಗೆ ಮರಳಬಹುದು. ಅಂಟಿಕೊಂಡ ತುಟಿಗಳನ್ನು ಬಿಡಿಸಲು, ಕಿರಿದಾದ ದ್ವಾರವನ್ನು ಬಿಡಿಸಿಕೊಡಲು ಅನುಭವಸ್ಥ ಶಸ್ತ್ರವೈದ್ಯರು ಲೇಸರನ್ನು ಚಾಕುವಿನ ಬದಲಿಗೆ ಬಳಸುವುದೂ ಇದೆ. ಮುಲಾಮಿಗೆ ಬಗ್ಗದೆ ನರಳುವವರಿಗೆ ಇದರಿಂದ ನೆಮ್ಮದಿ ಸಿಗುವುದಾದರೆ ಅದು ಬಡವರಿಗೂ ಸಿಗಬೇಕೆಂದೇ ನಾನು ಹೇಳುವೆನು.

ಆದರೆ ರೋಗವನ್ನೇ ಇದು ವಾಸಿಮಾಡುತ್ತದೆಯೇ ಎಂಬ ಪ್ರಶ್ನೆಗೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. 2021ರಲ್ಲಿ ಅಮೆರಿಕದಿಂದ ಎರಡು ಪ್ರಯೋಗಗಳ ಫಲಿತಾಂಶ ಬಂತು. ಒಂದರಲ್ಲಿ ಸುಮಾರು 50 ಹೆಂಗಸರಲ್ಲಿ ಕೆಲವರಿಗೆ ಲೇಸರ್, ಉಳಿದವರಿಗೆ ಕ್ಲೊಬೆಟಾಸಾಲ್ ಕೊಟ್ಟು ಆರು ತಿಂಗಳ ನಂತರ ಕೇಳಿದಾಗ ಲೇಸರ್ ಪಡೆದವರು ಹೆಚ್ಚು ಸುಧಾರಣೆ ಹೇಳಿದರು. ಆದರೆ ತನಗೆ ಸಿಕ್ಕಿದ್ದು ಯಂತ್ರವೋ ಮುಲಾಮೋ ಎಂಬುದು ಪ್ರತಿಯೊಬ್ಬಳಿಗೂ ತಿಳಿದಿತ್ತು. ಇನ್ನೊಂದರಲ್ಲಿ ಕೆಲವರಿಗೆ ನಿಜವಾದ ಲೇಸರನ್ನೂ, ಕೆಲವರಿಗೆ ಲೇಸರ್ ಮಾಡಿದಂತೆ ತೋರುವ ಹುಸಿ ಚಿಕಿತ್ಸೆಯನ್ನೂ ಕೊಟ್ಟು, ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಲೇಸರ್ ಒಂದೇ ಇದಕ್ಕೆ ಪರಿಣಾಮಕಾರಿ ಚಿಕಿತ್ಸೆಯಲ್ಲವೆಂದು ಸಂಶೋಧಕರು ತೀರ್ಮಾನಿಸಿದರು. ನನ್ನ ತಿಳಿವಳಿಕೆಯಲ್ಲಿ ಹೆಚ್ಚು ತೂಕ ಎರಡನೆಯದಕ್ಕೆ. ಲೇಸರಿನಿಂದ ಕ್ಯಾನ್ಸರಿನ ಅಪಾಯ ತಗ್ಗುತ್ತದೆಂದು ತೋರಿಸುವ ದೀರ್ಘಕಾಲದ ಸಾಕ್ಷ್ಯವಂತೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರ ಜುಲೈಯಲ್ಲಿ, ಹೆಂಗಸರ ಗುಹ್ಯಭಾಗಕ್ಕೆ ಯೌವನ ಮರಳಿಸುವ ಹೆಸರಿನಲ್ಲಿ ಇಂಥ ಯಂತ್ರಗಳನ್ನು ಬಳಸುವುದರಿಂದ ಸುಟ್ಟಗಾಯ, ಕಲೆ, ದೀರ್ಘಕಾಲದ ನೋವು ಆಗಬಹುದೆಂದು ಎಚ್ಚರಿಸಿತ್ತು. ಅದು ಲೈಕನ್ ಸ್ಕ್ಲೆರೋಸಸ್ ಕುರಿತೇ ಹೇಳಿದ ಮಾತಲ್ಲ. ಆದರೂ ನಮ್ಮ ಕಡೆ ಇವೆರಡನ್ನೂ ಮಾರುವುದು ಅದೇ ಯಂತ್ರದಿಂದ, ಬಹಳ ಸಲ ಅದೇ ಕರಪತ್ರದಲ್ಲಿ.

ನನ್ನನ್ನು ಹೆಚ್ಚು ಕಾಡುವ ಅಪಾಯ ಇನ್ನೊಂದಿದೆ. ಮಾಗದ ಹುಣ್ಣು, ದಪ್ಪಗಟ್ಟಿದ ಗಂಟು ಇದ್ದರೆ ಮೊದಲು ಬಯಾಪ್ಸಿ ಮಾಡಿಸಬೇಕು, ಅದು ಕ್ಯಾನ್ಸರಿನ ಆರಂಭವಾಗಿರಬಹುದು. ಅದರ ಮೇಲೆ ಹಾಗೆಯೇ ಲೇಸರ್ ಹಾಯಿಸಿದರೆ ಪರೀಕ್ಷಿಸಬೇಕಾದ ಚರ್ಮವೇ ಆವಿಯಾಗಿ ಹೋಗುತ್ತದೆ, ಅಮೂಲ್ಯ ತಿಂಗಳುಗಳು ಕೈತಪ್ಪುತ್ತವೆ. ಮೇಲಾಗಿ ಪೆಟ್ಟಾದ, ಗಾಯವಾದ ಜಾಗದಲ್ಲಿಯೇ ಮತ್ತೆ ಏಳುವುದು ಈ ರೋಗದ ಸ್ವಭಾವ. ಆದುದರಿಂದಲೇ ಶಸ್ತ್ರಕ್ರಿಯೆಯಾಗಲಿ ಲೇಸರಾಗಲಿ ಮಾಡುವ ಮುನ್ನ ಮುಲಾಮಿನಿಂದ ರೋಗವನ್ನು ಹತೋಟಿಗೆ ತಂದು, ಆಮೇಲೆಯೂ ಅದನ್ನು ಮುಂದುವರಿಸಬೇಕಾಗುತ್ತದೆ. ಲೇಸರ್ ಮಾಡಿಸಿದರೆ ಮುಲಾಮು ಬೇಡವೆಂಬ ಭರವಸೆ ಆದಕಾರಣ ಬರೀ ಉತ್ಪ್ರೇಕ್ಷೆಯಲ್ಲ, ಹಾನಿ ಮಾಡುವ ಮಾತು.

ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯ ಹೆಂಗಸರು ಈ ಪ್ರಚಾರಕ್ಕೆ ಏಕೆ ಬೇಗ ಒಳಗಾಗುತ್ತಾರೆಂಬುದಕ್ಕೆ ನಮ್ಮ ಜಿಲ್ಲೆಯ ಪರಿಸ್ಥಿತಿಯೂ ಕಾರಣ. 1984ರಲ್ಲಿ ಜಿಲ್ಲೆಯಾದ ಕಾಸರಗೋಡಿನಲ್ಲಿ ಮೆಡಿಕಲ್ ಕಾಲೇಜಿಗೆ ಉಕ್ಕಿನಡ್ಕದಲ್ಲಿ ಶಂಕುಸ್ಥಾಪನೆ ಆದದ್ದು 2013ರಲ್ಲಿ. ಅಂದಿನಿಂದ ಇಂದಿನವರೆಗೂ ದೊಡ್ಡ ಕಾಯಿಲೆಯೆಂದರೆ ನಮ್ಮವರು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಡಯಾಲಿಸಿಸ್‌ನವರು, ಬಸುರಿಯರು ಪಟ್ಟ ಪಾಡನ್ನು ಇಲಾಖೆ ಮರೆತಿರಲಾರದು. ಇತ್ತ ನಮ್ಮ ಸರಕಾರಿ ಆಸ್ಪತ್ರೆಗೆ ಬಂದರೆ, ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ವೈದ್ಯರು ಎಷ್ಟೇ ಒಳ್ಳೆಯವರಾಗಿದ್ದರೂ ಅವರಿಗೆ ಕನ್ನಡ, ತುಳು ಬಾರದು; ತುಳು ಬಿಟ್ಟು ಬೇರೆ ಮಾತು ಸರಾಗವಾಗಿ ಆಡದ ಅಜ್ಜಿಯ ತುರಿಕೆಯ ಸಂಕಟವನ್ನು ಜೊತೆಗೆ ಬಂದ ಮೊಮ್ಮಗನೇ ಮಲಯಾಳಕ್ಕೆ ತಿರುಗಿಸಿ ಹೇಳಬೇಕು. ಯಾವ ಅಜ್ಜಿ ಅವನ ಎದುರು ಅದನ್ನು ಹೇಳುತ್ತಾಳೆ? ಗ್ಯಾಸ್ ಎಂದೋ ಮಂಡಿನೋವು ಎಂದೋ ಹೇಳಿ ಮಾತ್ರೆ ತೆಗೆದುಕೊಂಡು ಮರಳುತ್ತಾಳೆ.

ಆದುದರಿಂದ ಇಲಾಖೆಯನ್ನು ನಾನು ಕೇಳಿಕೊಳ್ಳುವುದು ದೊಡ್ಡ ಕಟ್ಟಡವನ್ನಲ್ಲ. ಕಾಸರಗೋಡು ಜನರಲ್ ಆಸ್ಪತ್ರೆಯಲ್ಲಿಯೂ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿಯೂ ವಾರದಲ್ಲಿ ಒಂದು ಬೆಳಿಗ್ಗೆ ಸ್ತ್ರೀರೋಗ ತಜ್ಞರು ಮತ್ತು ಚರ್ಮವೈದ್ಯರು ಜೊತೆಯಾಗಿ ಈ ತೊಂದರೆಗಳನ್ನು ನೋಡುವ ವ್ಯವಸ್ಥೆಯಾಗಲಿ. ಅಲ್ಲಿ ಪರದೆ ಇರಲಿ, ಒಳ್ಳೆಯ ಬೆಳಕಿರಲಿ, ಕನ್ನಡ ಮತ್ತು ತುಳು ಬಲ್ಲ ನರ್ಸ್ ಒಬ್ಬರಿರಲಿ. ಬಯಾಪ್ಸಿ ಬೇಕಾದರೆ ಅಲ್ಲಿಯೇ ತೆಗೆದು ಕಳುಹಿಸಿಕೊಡಲಿ, ಕ್ಯಾನ್ಸರಿನ ಸಂಶಯವಿದ್ದವರನ್ನು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ದಿನ ಗೊತ್ತುಮಾಡಿಯೇ ಕಳುಹಿಸಲಿ. ಬೆರಕೆಯಿಲ್ಲದ ಕ್ಲೊಬೆಟಾಸಾಲ್ ಮುಲಾಮನ್ನು ಸರಕಾರಿ ಆಸ್ಪತ್ರೆಗಳಿಗೆ ಔಷಧ ಪೂರೈಸುವ ಕೇರಳ ಮೆಡಿಕಲ್ ಸರ್ವಿಸಸ್ ಕಾರ್ಪೊರೇಷನ್ ಮೂಲಕ ಕುಟುಂಬ ಆರೋಗ್ಯ ಕೇಂದ್ರಗಳವರೆಗೆ ತಪ್ಪದೆ ಒದಗಿಸಬೇಕು. ಬೆರಳಿನ ಅಳತೆಯನ್ನೂ ಹಚ್ಚಬೇಕಾದ ಜಾಗವನ್ನೂ ಚಿತ್ರದಲ್ಲಿ ತೋರಿಸುವ ಒಂದು ಹಾಳೆ, ಕನ್ನಡ ಮತ್ತು ಮಲಯಾಳ ಎರಡರಲ್ಲೂ, ಪ್ರತಿ ಟ್ಯೂಬಿನೊಂದಿಗೆ ಹೋಗಬೇಕು.

2025ರ ಫೆಬ್ರವರಿ 4ರಂದು ಸರಕಾರ ಆರಂಭಿಸಿದ ಆರೋಗ್ಯಂ ಆನಂದಂ ಕ್ಯಾನ್ಸರ್ ತಪಾಸಣಾ ಅಭಿಯಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಗರ್ಭಕಂಠದ ತಪಾಸಣೆಗೆಂದು ನಾಚಿಕೆ ಬದಿಗಿಟ್ಟು ಮೇಜಿನ ಮೇಲೆ ಮಲಗಿದ ಹೆಂಗಸಿನ ಹೊರಚರ್ಮವನ್ನೂ ಅರ್ಧ ನಿಮಿಷ ನೋಡಿ, ತುರಿಕೆಯಿದೆಯೇ ಎಂದು ಒಂದು ಮಾತು ಕೇಳಿ ಬರೆದಿಟ್ಟರೆ ಸಾಕು, ಬೇರೆ ಖರ್ಚಿಲ್ಲದೆ ಎಷ್ಟೋ ಮಂದಿ ಬೆಳಕಿಗೆ ಬರುತ್ತಾರೆ. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಟೀಚರುಗಳಿಗೂ ಇದರ ಬಗ್ಗೆ ಒಂದು ದಿನದ ತರಬೇತಿ ಬೇಕು.

ಲೇಸರ್ ನಡೆಸುವ ಖಾಸಗಿ ಸಂಸ್ಥೆಗಳನ್ನು 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯಡಿ ಪರಿಶೀಲಿಸುವಾಗ, ರೋಗನಿರ್ಣಯ ಯಾರು ಮಾಡಿದರು, ಮುಲಾಮು ಎಷ್ಟು ಕಾಲ ಕೊಟ್ಟರು, ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆಪತ್ರವಿದೆಯೇ, ದರ ಮೊದಲೇ ತಿಳಿಸಿದ್ದಾರೆಯೇ ಎಂಬುದನ್ನು ನೋಡಬೇಕು. ಪೂರ್ತಿ ವಾಸಿಮಾಡುತ್ತೇವೆಂಬ ಜಾಹೀರಾತುಗಳನ್ನು ನಮ್ಮ ಬಸ್ ನಿಲ್ದಾಣಗಳಿಂದ ತೆಗೆಸಬೇಕು. ಮುಂದೆ ಸರಕಾರಿ ಮೆಡಿಕಲ್ ಕಾಲೇಜುಗಳಿಗೆ ಈ ಯಂತ್ರ ಬಂದರೆ, ನೈತಿಕ ಸಮಿತಿಯ ಒಪ್ಪಿಗೆಯ ಅಧ್ಯಯನವಾಗಿಯೇ, ಮುಲಾಮಿನಿಂದ ಗುಣ ಕಾಣದವರಿಗೆ, ಉಚಿತವಾಗಿ ನಡೆಯಲಿ. ಅದರ ಫಲ ಏನೇ ಬಂದರೂ ಪ್ರಕಟವಾಗಲಿ. ಗಡಿಯಾಚೆಯ ಸಂಸ್ಥೆಗಳ ಮೇಲೆ ಕೇರಳಕ್ಕೆ ಅಧಿಕಾರವಿಲ್ಲ, ಆದುದರಿಂದ ಈ ಪತ್ರದ ಪ್ರತಿಯೊಂದನ್ನು ಕರ್ನಾಟಕದ ಆರೋಗ್ಯ ಇಲಾಖೆಗೂ, ಕನ್ನಡ ಕರಪತ್ರದ ಮುದ್ರಣಕ್ಕೆ ನೆರವು ಕೋರಿ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಕ್ಕೂ ಕಳುಹಿಸಿದ್ದೇನೆ.

ಕರಪತ್ರದ ಕನ್ನಡ ಕರಡನ್ನು ನಾನೇ ಬರೆದು ಇದರೊಂದಿಗೆ ಲಗತ್ತಿಸಿದ್ದೇನೆ. ಜನರಲ್ ಆಸ್ಪತ್ರೆಯ ಚರ್ಮವೈದ್ಯರು ಅದನ್ನು ಓದಿ ತಿದ್ದಿಕೊಡುವಂತೆ ಜಿಲ್ಲಾ ವೈದ್ಯಾಧಿಕಾರಿಗಳು ಸೂಚಿಸಬೇಕೆಂದೂ, ವಾರದ ತಪಾಸಣೆಯ ಬಗ್ಗೆ ಇಲಾಖೆಯ ನಿರ್ಧಾರವನ್ನು ನನಗೆ ಕನ್ನಡದಲ್ಲಿ ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇನೆ. ತಪಾಸಣೆ ಶುರುವಾದರೆ ಹೆಂಗಸರ ಮಾತನ್ನು ವೈದ್ಯರಿಗೆ ತಿಳಿಸಿಕೊಡುವ ಕೆಲಸಕ್ಕೆ ಸಂಬಳವಿಲ್ಲದೆ ಬಂದು ಕುಳಿತುಕೊಳ್ಳಲು ನಾನೂ, ನನ್ನೊಂದಿಗೆ ದುಡಿದು ನಿವೃತ್ತರಾದ ಇತರ ನರ್ಸುಗಳೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ